ಜಾಗಟೆಗೆ ಜಡಿದ ಮೊಳೆ

ನಾನು ಓದು ಬಿಟ್ಟದ್ದು ೧೯೦೬ನೇ ಇಸವಿಯಲ್ಲಿ. ತರೀಕೆರೆ ಶಾಲೆಯ ಮೇಷ್ಟ್ರು ‘ನಾಳೆಯಿಂದ ಶಬ್ದದ ಪಾಠ’ ಎಂದ ದಿನವೇ ನಮ್ಮಪ್ಪ ಬಂದು, ‘ಬಾರ್ಲಾ, ನೇಗಿಲಿಗೆ ಆಳಿಲ್ಲ’ ಎಂದು ಕರೆದುಕೊಂಡು ಹೋದರು. ಅದಕ್ಕಾಗಿ ಕೊರಗಿದವನಲ್ಲ ನಾನು. ಅಜ್ಜಂಪುರದ ಕಡೆಯ ಎರೆಭೂಮಿಯಲ್ಲಿ ಬೆವರು ಸುರಿಸಿದೆ, ತೆಂಗು ಹಾಕಿದೆ, ಮನೆ ಕಟ್ಟಿದೆ. ಭದ್ರ ಮಾಡುವುದರಲ್ಲಂತೂ ನನ್ನನ್ನು ಮೀರಿಸಿದವರಿಲ್ಲ. ನಾನು ಬಿಗಿದ ಹುಲ್ಲಿನ ಹೊರೆ ಬಿಚ್ಚಲು ಇಬ್ಬರು ಆಳು ಬೇಕು. ನಾನು ಮುಚ್ಚಿದ ಉಪ್ಪಿನಕಾಯಿ ಜಾಡಿಯನ್ನು ಹೋದ ವರ್ಷ ಒಡೆದೇ ತೆಗೆದರು.

ಇಂಥ ನಾನು ನಮ್ಮೂರ ಈಶ್ವರನ ಗುಡಿಗೆ ಕಂಚಿನ ಜಾಗಟೆ ಮಾಡಿಸಿಕೊಟ್ಟೆ. ನಡುವೆ ದಪ್ಪಕ್ಷರದಲ್ಲಿ ನನ್ನ ಹೆಸರು. ಹಳೆಯ ಜಾಗಟೆ ಹಗ್ಗ ಸವೆದು ಪೂಜಾರಿ ಅಯ್ಯನೋರ ಕಾಲ ಮೇಲೆ ಬಿದ್ದಿತ್ತು. ಹಗ್ಗದ ಸಹವಾಸವೇ ಬೇಡವೆಂದು, ಗೋಡೆಗೆ ಹಲಗೆ ಕೂರಿಸಿ, ಅದಕ್ಕೆ ಜಾಗಟೆಯನ್ನು ಒತ್ತಿ, ಅಂಚಿನ ತೂತುಗಳಲ್ಲಿ ಮೂರು ಮೊಳೆ ಜಡಿದೆ.

ಸೋಮವಾರ ಸಂಜೆ ಊರೆಲ್ಲ ಸೇರಿತ್ತು. ಹೊಸ ಶಲ್ಯ ಹೊದ್ದು ಮುಂದೆಯೇ ನಿಂತಿದ್ದೆ. ಅಯ್ಯನೋರು ಕೊಡತಿ ಎತ್ತಿ ಹೊಡೆದರು. ‘ದಬ್’ ಎಂದಿತು. ಇನ್ನೊಂದು ಹೊಡೆದರು. ರಾಗಿ ಮೂಟೆಗೆ ಗುದ್ದಿದ ಹಾಗೆ ಮತ್ತೆ ‘ದಬ್’.

‘ಏನ್ ಗೌಡ್ರೇ, ಕಂಚು ಅಂತ ಮರದ ಹಲಗೆ ತಂದ್ಬಿಟ್ರಾ?’ ಎಂದರು ಅಯ್ಯನೋರು. ಹಿಂದಿನಿಂದ ಯಾರೋ, ‘ಶಿವನ ನಿದ್ದೆ ಕೆಡಬಾರ್ದು ಅಂತ ಕಣ್ರೀ!’ ಎಂದ. ಹೆಸರು ಕೆತ್ತಿಸಬಾರದಿತ್ತು ಎಂದು ಆಗ ಅನ್ನಿಸಿತು.

ಬೆಳಿಗ್ಗೆ ಎದ್ದವನೇ ಕಂಚುಗಾರನ ಜೊತೆ ಜಗಳಕ್ಕೆಂದು ಗಾಡಿ ಹೂಡಿಸಿದೆ. ಅಷ್ಟರಲ್ಲಿ ನನ್ನ ಹೆಂಡತಿ ಗಂಗಮ್ಮನ ಕೈಯಿಂದ ಕಂಚಿನ ಗಂಗಾಳ ಜಾರಿ ‘ಠಣ್’ ಎಂದು ಗುಂಯ್‌ಗುಟ್ಟಿತು. ಒಳಗೆ ಮೊಮ್ಮಗ ಮಲಗಿದ್ದ. ಅವಳು ಸರಕ್ಕನೆ ಅಂಗೈ ಒತ್ತಿದಳು, ಸದ್ದು ಅಡಗಿತು.

‘ಅದೆಂಗೆ ಸುಮ್ಮನಾಯ್ತೇ?’

‘ನಡುಗ್ತಿತ್ತು, ಹಿಡ್ಕೊಂಡೆ. ನಡುಗೋದು ನಿಂತ್ಮೇಲೆ ಸದ್ದೆಲ್ಲಿ? ನಿಮ್ ಜಾಗಟೆನೂ ಅಷ್ಟೇ ಕಣ್ರೀ, ಮಿಸುಕಾಡದಂಗೆ ಜಡಿದಿದ್ದೀರಲ್ಲ!’

ಗಂಗಾಳವನ್ನು ಒಂದು ಬೆರಳ ಮೇಲೆ ನಿಲ್ಲಿಸಿ ಬಾರಿಸಿದೆ. ಅಂಚು ಮುಟ್ಟಿದರೆ ಬೆರಳಲ್ಲಿ ಇರುವೆ ಸಾಲು ಹರಿದಂತೆ. ಕಂಚು ನಡುಗಿ ಪಕ್ಕದ ಗಾಳಿಯನ್ನು ನಡುಗಿಸುತ್ತದೆ, ಆ ಗಾಳಿ ಮುಂದಿನ ಗಾಳಿಯನ್ನು ತಳ್ಳುತ್ತದೆ, ಕೆರೆಯ ಅಲೆ ದಡಕ್ಕೆ ಬಂದ ಹಾಗೆ ಕಿವಿಗೆ ಬಂದು ತಟ್ಟುತ್ತದೆ. ಅಂದು ತಪ್ಪಿದ ಮೇಷ್ಟ್ರ ಶಬ್ದದ ಪಾಠ ಇದೇ ಇರಬೇಕು! ಖುಷಿಗೆ ಮತ್ತೆ ಮತ್ತೆ ಬಾರಿಸಿದೆ. ಮೊಮ್ಮಗ ಎದ್ದು ಕಿರುಚಿದ. ಬೈಸಿಕೊಂಡೆ.

ಎತ್ತು ಬಿಚ್ಚಿಸಿ ಗುಡಿಗೆ ಹೋಗಿ, ಮೊಳೆ ಕಿತ್ತು, ಹೊಸ ಹಗ್ಗಕ್ಕೆ ಜಾಗಟೆ ತೂಗುಬಿಟ್ಟೆ. ಆ ಸಂಜೆ ಅದರ ನಾದ ಹೊಲ ದಾಟಿ ಹೋಯಿತು. ‘ಇದು ಕಣ್ರೀ ಗೌಡ್ರೇ!’ ಎಂದರು ಅಯ್ಯನೋರು.

ಈಗ ನನಗಿರುವುದು ಒಂದು ತೋಟ, ಎರಡು ಜೊತೆ ಎತ್ತು, ಒಬ್ಬ ಮೊಮ್ಮಗ, ಒಬ್ಬಳು ಗಂಗಮ್ಮ, ಮೂರು ಸೊಟ್ಟ ಮೊಳೆ.