ನಾಲ್ಕು ಜನರ ಇಂಡಕ್ಷನ್ ಒಲೆ

ನೂರು ಜನಕ್ಕೆ ಅಡುಗೆ ಮಾಡುವುದು ಸುಲಭ. ಒಬ್ಬನಿಗೆ ಮಾಡುವುದೇ ಕಷ್ಟ. ಮುಂಬೈಯ ಹೋಟೆಲಿನಲ್ಲಿ ಹಂಡೆಗಟ್ಟಲೆ ಸಾಂಬಾರು ಕುದಿಸಿದ ನನಗೆ, ಒಂದು ಪಾವು ಅನ್ನಕ್ಕೆ ನೀರಿಡುವಾಗ ಕೈ ತಡವರಿಸುತ್ತದೆ. ಮದುವೆಗೆ ಪುರುಸೊತ್ತಾಗಲಿಲ್ಲ. ಪುರುಸೊತ್ತಾದ ಮೇಲೆ ಕೇಳುವವರಿರಲಿಲ್ಲ. ಈಗ ಕುಂದಾಪುರದಲ್ಲಿ ಬಾಡಿಗೆಯ ಮಹಡಿ ಕೋಣೆ. ಮೆಟ್ಟಿಲು ಕಡಿದಾಗಿದ್ದರಿಂದ ಮಾಲೀಕರು ಗ್ಯಾಸ್ ಸಿಲಿಂಡರ್ ಬೇಡವೆಂದರು. ಇಂಡಕ್ಷನ್ ಒಲೆ ಹುಡುಕಿ ಪೇಟೆಗೆ ಹೊರಟೆ.

ಅಂಗಡಿಯಲ್ಲಿ ತೋರಿಸಿದವರು ಹಾಲಾಡಿಯ ಸುಮತಿ ಎಂಬ ಐವತ್ತರ ಆಸುಪಾಸಿನ ಹೆಂಗಸು. ಚಿಕ್ಕದೂ ಇತ್ತು, ಹಾಲಿಗೊಂದು ದೋಸೆಗೊಂದು ಎಂದು ಸಾಲಾಗಿ ಬಟನ್ ಇದ್ದ ದೊಡ್ಡದೂ ಇತ್ತು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಪಕ್ಕದಲ್ಲಿ ಬೇರೆ ಗಿರಾಕಿಗಳಿದ್ದರು. ಒಬ್ಬನೇ ಎನ್ನಲು ಅದೇಕೋ ನಾಲಿಗೆ ಹೊರಳಲಿಲ್ಲ, ನಾಲ್ಕು ಎಂದುಬಿಟ್ಟೆ. ದೊಡ್ಡದೇ ಬಂತು. ಮನೆಗೆ ಬಂದು ಹೇಳಿಕೊಡುವುದೂ ಅಂಗಡಿಯ ಕ್ರಮವಂತೆ. ನಾಳೆ ಬರುತ್ತೇನೆ ಎಂದರು.

ಮರುದಿನ ಬೆಳಿಗ್ಗೆ ನಾನು ಪಟ್ಟ ಪಾಡು ಯಾರಿಗೂ ಬೇಡ. ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಸಾಲಾಗಿಟ್ಟೆ. ನಾಲ್ಕೂ ನನ್ನವೇ, ಒಂದೇ ಅಳತೆಯವು. ಸುಮತಿಯವರು ಅವನ್ನು ನೋಡಿಕೊಂಡೇ ಒಳಗೆ ಬಂದು, ನನ್ನ ಪಾತ್ರೆಗಳ ತಳಕ್ಕೆ ಒಂದೊಂದಾಗಿ ಅಯಸ್ಕಾಂತ ಹಿಡಿದರು. ಅದು ಅಂಟಿದ ಪಾತ್ರೆ ಮಾತ್ರ ಈ ಒಲೆಯಲ್ಲಿ ಕಾಯುತ್ತದಂತೆ. ಅಲ್ಯೂಮಿನಿಯಂನ ಯಾವುದಕ್ಕೂ ಅಂಟಲಿಲ್ಲ. ಅಂಟಿದ್ದು ಒಂದು ಪುಟ್ಟ ಸ್ಟೀಲ್ ಪಾತ್ರೆಗೆ ಮಾತ್ರ. ಅದರಲ್ಲೇ ಚಹಾಕ್ಕೆ ನೀರಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು:

"ಉಳ್ದವ್ರೆಲ್ಲ ಎಲ್ಲಿಗ್ ಹೋಯಿರ್ ಅಣ್ಣಾ?"

ಒಬ್ಬರು ಗಂಗೊಳ್ಳಿಗೆ, ಒಬ್ಬರು ಬೈಂದೂರಿಗೆ ಎಂದು ಶುರು ಮಾಡಿದೆ. ಮೂರನೆಯವರನ್ನು ಕಳಿಸಲು ಊರು ಹೊಳೆಯಲಿಲ್ಲ. "ನಾನೊಬ್ನೇ" ಎಂದೆ.

"ಅದ್ ನಿನ್ನೆಯೇ ಗೊತ್ತಾಯ್ತ್. ಮನಿಯಗ್ ನಾಲ್ಕ್ ಜನ ಇದ್ರೆ ಒಲೆ ಹುಡ್ಕುಕೆ ಗಂಡಸ್ರನ್ನ ಒಬ್ರೇ ಕಳ್ಸ್ತ್ರಾ?"

ಹಾಗಾದರೆ ದೊಡ್ಡದನ್ನೇಕೆ ಕೊಟ್ಟಿರಿ ಎಂದು ಕೇಳಿದೆ. ಕೇಳಿದ್ದನ್ನು ಕೊಡುವುದು ತನ್ನ ಕೆಲಸ, ಬೇಕಾದರೆ ಬದಲಾಯಿಸಿ ಕೊಡುತ್ತೇನೆ ಎಂದರು. ನಾನು ಬೇಡವೆಂದೆ. ಇಬ್ಬರೂ ನೆಲದ ಮೇಲೆ ಕೂತು ಚಹಾ ಕುಡಿದೆವು. ತನ್ನ ಮನೆಯಲ್ಲಿ ಏಳು ಜನ, ಬಿಸಿ ಚಹಾ ಕುಡಿದು ವರ್ಷಗಳಾದವು ಎಂದರು. ಅವರು ಹೋದ ಮೇಲೆ ಎರಡನೆಯ ಲೋಟವನ್ನು ಬಹಳ ಹೊತ್ತು ತೊಳೆಯಲಿಲ್ಲ.

ನಿನ್ನೆ ಅಂಗಡಿಗೆ ಫೋನ್ ಮಾಡಿ, ದೋಸೆಯ ಬಟನ್ ಒತ್ತುವುದು ಸರಿಯಾಗಿ ತಿಳಿಯುತ್ತಿಲ್ಲ ಎಂದೆ. ಮಂಗಳವಾರ ಸುಮತಿಯವರನ್ನೇ ಕಳಿಸುತ್ತಾರಂತೆ. ಮೂವತ್ತು ವರ್ಷ ದೋಸೆ ಹೊಯ್ದವನು ನಾನು. ಹಿಟ್ಟನ್ನು ಮಾತ್ರ ಇವತ್ತೇ ರುಬ್ಬಿಟ್ಟಿದ್ದೇನೆ, ಇಬ್ಬರಿಗಾಗುವಷ್ಟು.