ಡಿಜಿಟಲ್ ಪೆಟ್ಟಿಗೆಯ ಪೆನಾಲ್ಟಿ

ಉತ್ತರ ಕೋಲ್ಕತ್ತಾದ ಆ ಗಲ್ಲಿಗೆ ಟಿವಿಗೆ ಜೋಡಿಸುವ ಮೊಟ್ಟಮೊದಲ ಡಿಜಿಟಲ್ ಪೆಟ್ಟಿಗೆ ತಂದ ಕೀರ್ತಿ ನೃಪೇನ್ ಮಲ್ಲಿಕ್ ಬಾಬುಗಳಿಗೇ ಸೇರಬೇಕು. (ಬೇರೆ ಯಾರೂ ಆ ಕೀರ್ತಿ ಕೇಳಿರಲಿಲ್ಲ, ಅದು ಬೇರೆ ಮಾತು.) ಅಂದಿನಿಂದ ಎದುರು ಮನೆಯ ಫಟಿಕ್ ಸಾಹಾನ ಹಳೇ ಕೇಬಲ್ಲನ್ನು ಆಡಿಕೊಳ್ಳುವುದೇ ಅವರ ನಿತ್ಯಕರ್ಮವಾಯಿತು.

"ನಿನ್ನ ಟಿವೀಲಿ ಬರೋದು ಮಾತಾ, ಕೆಮ್ಮಾ? ನಮ್ಮನೆಗೆ ಬಾರೋ, ನಟಿಯ ಮುಖದ ಪೌಡರ್ ಕೂಡ ಕಾಣುತ್ತೆ."

ಆದರೆ ಊರಿನ ಎರಡು ದೊಡ್ಡ ತಂಡಗಳ ಫುಟ್ಬಾಲ್ ಕಾಳಗದ ದಿನ ಮನೆಯೊಳಗೇ ಶತ್ರುವಿದ್ದಳು. ಮಲ್ಲಿಕ್ ವಂಶಕ್ಕೆ ಹಸಿರು ತಂಡ ಕುಲದೈವವಾದರೆ, ಪದ್ಮಾ ನದಿಯಾಚೆಯ ಪೂರ್ವ ಬಂಗಾಳದಿಂದ ಬಂದ ಮನೆತನದ ಹೆಂಡತಿ ಶೆಫಾಲಿಗೆ ಕೆಂಪು ತಂಡವೇ ಪ್ರಾಣ. ಫಟಿಕನೂ ಅವಳ ಕಡೆಯವನೇ.

"ನಿಮ್ಮೋರು ಸೋತರೆ ಭಾನುವಾರ ನಮ್ಮನೇಲಿ ಒಣಮೀನು" ಎಂದಳು ಶೆಫಾಲಿ. ಅತ್ತೆಯ ಕಾಲದಿಂದ ಆ ಮನೆಯ ಹೊಸ್ತಿಲು ದಾಟಲು ಅವಳ ತವರಿನ ಮೆಚ್ಚಿನ ಒಣಮೀನಿಗೆ ಅಪ್ಪಣೆಯಿರಲಿಲ್ಲ. ಹೆಸರು ಕೇಳಿದರೇ ನೃಪೇನ್ ಬಾಬು ಮೂಗು ಮುಚ್ಚುತ್ತಿದ್ದರು.

"ಸೋತರೆ ತಾನೇ!"

ಆಟ ಶುರುವಾಯಿತು. ಟಿವಿಯಲ್ಲಿ ಕೆಂಪು ತಂಡದವನು ಇನ್ನೂ ಓಡುತ್ತಿದ್ದಾನೆ, ಎದುರು ಮನೆಯಿಂದ ಆಗಲೇ "ಗೋಲ್!" ಎಂಬ ಸಿಂಹನಾದ. ಮೂರು ನಾಲ್ಕು ಕ್ಷಣ ಬಿಟ್ಟು ಇವರ ಟಿವಿಯಲ್ಲೂ ಗೋಲಾಯಿತು.

"ಏನ್ರೀ, ನಿಮ್ಮ ಪೆಟ್ಟಿಗೇಲಿ ಎಲ್ಲಾ ತಂಗಳು ಬರುತ್ತಾ?"

"ಗುಣಮಟ್ಟಕ್ಕೆ ಸಮಯ ಬೇಕು ಕಣೇ. ಮಿಷ್ಟಿ ದೋಯಿಯಂಥ ಸಿಹಿ ಮೊಸರು ಕಲಸಿದ ತಕ್ಷಣ ಹೆಪ್ಪಾಗುತ್ತಾ?"

ಕೊನೆಯ ನಿಮಿಷದಲ್ಲಿ ಹಸಿರು ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಗೋಲಾದರೆ ಸಮಬಲ, ಅಡುಗೆಮನೆಯ ಮಾನ ಉಳಿಯುತ್ತದೆ. ಆಟಗಾರ ಚೆಂಡಿಟ್ಟು ಹಿಂದೆ ಸರಿದ. ನೃಪೇನ್ ಬಾಬು ಟಿವಿ ಬಿಟ್ಟು, ಸುದ್ದಿ ಮೊದಲು ತಲುಪುವ ಎದುರು ಮನೆಗೆ ಕಿವಿಕೊಟ್ಟರು. ಗುರಿ ತಪ್ಪಿದ್ದರೆ ಫಟಿಕ ಇಷ್ಟು ಹೊತ್ತಿಗೆ ಕೂಗಿ ಮಾಡು ಹಾರಿಸಬೇಕಿತ್ತು. ಸದ್ದೇ ಇಲ್ಲ! ಅಂದರೆ ಗೋಲೇ!

ಬಾಲ್ಕನಿಗೆ ಹಾರಿದವರೇ ಗಲ್ಲಿಗೆಲ್ಲ ಕೇಳುವಂತೆ ಗರ್ಜಿಸಿದರು: "ಏನೋ ಫಟಿಕ್, ಬಾಯಿಗೆ ಬೀಗ ಬಿತ್ತಾ? ಇದು ಗೋಲಲ್ಲದಿದ್ದರೆ ನನ್ನ ಕೈಯಾರೆ ಒಣಮೀನು ಬೇಯಿಸಿ ಇಡೀ ಗಲ್ಲಿಗೆ ಬಡಿಸ್ತೀನಿ!"

ಫಟಿಕನ ತಲೆ ಕಿಟಕಿಯಲ್ಲಿ ಮೂಡಿತು. "ಗೋಲಾಯ್ತಾ ನೃಪೇನ್‌ದಾ? ನಮ್ಮ ಹಾಳು ಟಿವೀಲಿ ಎರಡೆರಡು ಚೆಂಡು ಕಾಣ್ತಿವೆ. ಒಂದು ಒಳಗೆ ಹೋಯ್ತು, ಒಂದು ಮೇಲೆ ಹಾರ್ತು. ಯಾವುದು ನಿಜ ಅಂತ ಇಲ್ಲಿ ಕಿತ್ತಾಡ್ತಿದ್ದೀವಿ."

ನೃಪೇನ್ ಬಾಬು ಮೆಲ್ಲಗೆ ಹಿಂತಿರುಗಿ ನೋಡುವುದರೊಳಗೆ ಶೆಫಾಲಿ ಬಾಲ್ಕನಿಗೆ ಬಂದಾಗಿತ್ತು.

"ಮೇಲೆ ಹಾರಿದ್ದೇ ನಿಜ ಫಟಿಕ್! ನಮ್ಮ ಟಿವೀಲಿ ಚೆಂಡಿನ ಹೊಲಿಗೆ ಸಮೇತ ಕಾಣ್ತು!"

ಭಾನುವಾರ ನೃಪೇನ್ ಬಾಬು ಮೂಗಿಗೆ ಗಮ್ಛಾ ಟವೆಲ್ಲು ಬಿಗಿದುಕೊಂಡು, ಕಣ್ಣೀರು ಸುರಿಸುತ್ತ ಬಾಣಲೆ ಕೆದಕುತ್ತಿದ್ದರು. ಗಲ್ಲಿಯೆಲ್ಲ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿತ್ತು. ಸಾಲಿನಲ್ಲಿ ಮೊದಲಿಗನಾದ ಫಟಿಕ ಒಂದು ಚೂರು ಬಾಯಿಗೆ ಹಾಕಿಕೊಂಡು ಗಂಭೀರವಾಗಿ ಹೇಳಿದ:

"ಖಾರ ಕಮ್ಮಿ ದಾದಾ. ಮುಂದಿನ ವಾರ ಸರಿಯಾಗುತ್ತೆ ಬಿಡಿ."