ಅಂದಾನೆಪ್ಪ ಮಾಸ್ತರರ ನಿರಪಾಯ ರಬ್ಬರು

ರಬ್ಬರನ್ನು ನಂಬಬಾರದು ಎಂಬುದು ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಂದಾನೆಪ್ಪ ಮಾಸ್ತರರ ಖಚಿತ ಅಭಿಪ್ರಾಯವಾಗಿತ್ತು. ಕಬ್ಬಿಣ ಮುರಿಯುವ ಮುನ್ನ ಬಾಗುತ್ತದೆ. ಕಟ್ಟಿಗೆ ಮುರಿಯುವ ಮುನ್ನ ಕಿರುಗುಟ್ಟುತ್ತದೆ. ಹೆಂಡತಿ ಕೂಡ ಸಿಟ್ಟಾಗುವ ಮುನ್ನ ಪಾತ್ರೆಗಳನ್ನು ತುಸು ಜೋರಾಗಿ ಇಡುತ್ತಾಳೆ. ರಬ್ಬರು ಮಾತ್ರ ಯಾವ ಮುನ್ಸೂಚನೆಯನ್ನೂ ಕೊಡದೆ, ತನ್ನೊಳಗೆ ಕೂಡಿಟ್ಟುಕೊಂಡ ಶಕ್ತಿಯನ್ನೆಲ್ಲ ಒಂದೇ ಏಟಿಗೆ ಮನುಷ್ಯನ ಮೋರೆಯ ಮೇಲೆ ಸುರಿದುಬಿಡುತ್ತದೆ.

ಇಂಥವರ ಮನೆಗೇ ಜಮಖಂಡಿಯ ಡಾಕ್ಟರು ರಬ್ಬರನ್ನು ಔಷಧವೆಂದು ಹೇಳಿ ಕಳಿಸಿದರು.

ಸಂಕ್ರಾಂತಿ ಮುಗಿದ ಮೇಲೆ ಮಾಸ್ತರರ ಹೆಂಡತಿ ಹಾಲವ್ವನ ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟದಿಂದ ಮೇಲೇಳದು. ತಲೆ ಬಾಚುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ. ಒಲೆಯ ಆಡಳಿತವನ್ನು ಅತ್ತೆ ಮುತ್ತವ್ವ ಮರಳಿ ವಹಿಸಿಕೊಂಡಿದ್ದಳು. (ಮುತ್ತವ್ವನ ರೊಟ್ಟಿಯನ್ನು ಮುರಿಯುವುದೂ ಒಂದು ವ್ಯಾಯಾಮವೇ ಆಗಿತ್ತು.)

"ಸೈಕಲ್ ಟ್ಯೂಬ್ ಸೀಳಿ ಪಟ್ಟಿ ಮಾಡ್ರಿ," ಎಂದಿದ್ದರು ಡಾಕ್ಟರು. "ಒಂದ ತುದಿ ಎಲ್ಲೆರ ಕಟ್ರಿ, ಇನ್ನೊಂದ ತುದಿ ಹಿಡದ ಅಕ್ಕಾರು ದಿನಾ ಎಳೀಲಿ. ಹಂಗ ಬಿಟ್ರ ಭುಜ ಬಿಗದ ಬಿಡತೈತಿ. ಆಮ್ಯಾಲ ನನ್ನ ಕಡಿಂದನೂ ಏನೂ ಆಗೂದಿಲ್ಲ."

ಡಾಕ್ಟರ ಮಾತಿನಲ್ಲಿ ಹಾಲವ್ವನ ಕಿವಿಗೆ ಬಿದ್ದದ್ದು 'ಬಿಗದ ಬಿಡತೈತಿ' ಎಂಬುದಷ್ಟೇ. ಮಾಸ್ತರರಿಗೆ ಬಿದ್ದದ್ದು 'ಟ್ಯೂಬ್' ಎಂಬುದಷ್ಟೇ.

"ಹರದ ಕಣ್ಣಿಗೆ ಬಡೀತಂದ್ರ?" ಎಂದರು ಮನೆಗೆ ಬಂದು, ಬಾಳಾಸಾಹೇಬನ ಸೈಕಲ್ ಅಂಗಡಿಯಿಂದ ತಂದ ಟ್ಯೂಬನ್ನು ಸತ್ತ ಹಾವಿನಂತೆ ದೂರ ಹಿಡಿದು.

"ಅಲ್ರೀ, ಊರ ಮಂದಿ ಎಲ್ಲಾ ಕ್ಯಾರಿಯರಿಗೆ ಇದನ್ನ ಬಿಗದ ಹಾಲಿನ ಕ್ಯಾನ್ ಒಯ್ಯಾಕತ್ತಾರ. ಯಾರ ಕಣ್ಣ ಹೋಗೇತಿ?"

"ಹಾಲಿನ ಕ್ಯಾನಿಗೆ ಕಣ್ಣಿರೂದಿಲ್ಲ," ಎಂದರು ಮಾಸ್ತರರು.

ಹೀಗೆ ನಿರಪಾಯ ರಬ್ಬರಿನ ನಿರ್ಮಾಣಕಾರ್ಯ ಆರಂಭವಾಯಿತು. ರಬ್ಬರು ಹರಿಯುವುದನ್ನು ತಡೆಯಲಾಗದು, ಆದರೆ ಹರಿದದ್ದು ಹೊರಗೆ ಹಾರದಂತೆ ಮಾಡಬಹುದಲ್ಲ? ಅದಕ್ಕೊಂದು ಬಟ್ಟೆಯ ಗವಸು ಬೇಕು. ಸೀರೆಯಲ್ಲಿ ಅತ್ಯಂತ ಗಟ್ಟಿಯಾದ ಭಾಗ ಅಂಚು ಎಂಬುದನ್ನು ಅವರು ಪ್ರಯೋಗದಿಂದ ಕಂಡುಕೊಂಡರು. (ಪ್ರಯೋಗ ನಡೆದದ್ದು ಹಾಲವ್ವನ ತವರಿನ ಸೀರೆಯ ಮೇಲೆ. ಆ ಸಂಜೆ ಪಾತ್ರೆಗಳು ತುಸುವಲ್ಲ, ಬಹಳವೇ ಜೋರಾಗಿ ಸದ್ದು ಮಾಡಿದವು.) ಅಂಚನ್ನು ಕೊಳವೆಯಂತೆ ಹೊಲಿದು, ರಬ್ಬರು ಹಿಗ್ಗುವಾಗ ಅದೂ ಬಿಚ್ಚಿಕೊಳ್ಳುವಂತೆ ನೆರಿಗೆ ಹಿಡಿದರು. ರಬ್ಬರು ಅತಿಯಾಗಿ ಹಿಗ್ಗದಿರಲೆಂದು ಒಳಗೊಂದು ನೂಲಿನ ಹುರಿಯನ್ನೂ ಕಟ್ಟಿದರು.

ಉಳಿದದ್ದು ಇನ್ನೊಂದು ತುದಿಯ ಪ್ರಶ್ನೆ. ಬಾಗಿಲಿಗೆ ಕಟ್ಟೋಣವೆಂದರೆ, ಆ ಓಣಿಯಲ್ಲಿ ಬಾಗಿಲು ಬಡಿದು ಒಳಬರುವ ಪದ್ಧತಿಯೇ ಇರಲಿಲ್ಲ. ಕಿಟಕಿಯ ಸರಳಿಗೆ ತುಕ್ಕು. ಗೋಡೆಯ ಮೊಳೆಯೋ, ಮಣ್ಣಿನ ಗೋಡೆಯದು. ಕೊನೆಗೆ ಆ ಮನೆಯಲ್ಲಿ ಅಲುಗಾಡದ ವಸ್ತು ಹೆಂಡತಿಯೊಬ್ಬಳೇ ಎಂದು ಮಾಸ್ತರರಿಗೆ ಹೊಳೆಯಿತು.

"ನೀ ಈ ತುದಿ ಹಿಡದ ನಿಂದರ. ನಾ ಎಳದ ನೋಡ್ತೇನಿ. ನೀ ಮಾತ್ರ ಎಳಿಯಾಕ ಹೋಗಬ್ಯಾಡ. ಪರೀಕ್ಷಾ ಮುಗೀಲಿ."

"ಯಾವಾಗ ಮುಗೀತೈತ್ರಿ ಪರೀಕ್ಷಾ?"

"ಇದು ಹರದ ಮ್ಯಾಲ."

"ಹರೀಲಿಲ್ಲಂದ್ರ?"

"ಹರೀಲಿಲ್ಲಂದ್ರ, ಹರದಾಗ ಏನಾಗತೈತಿ ಅಂತ ಹೆಂಗ ಗೊತ್ತಾಗಬೇಕು?"

ಅಂದಿನಿಂದ ಪ್ರತಿ ಸಂಜೆ, ಓಣಿಯ ಮಗ್ಗಗಳ ಸದ್ದಿನ ನಡುವೆ, ಪಡಸಾಲೆಯಲ್ಲಿ ಪರೀಕ್ಷೆ ನಡೆಯತೊಡಗಿತು. ಮಾಸ್ತರರು ಮೈಗೆ ಕೌದಿ ಸುತ್ತಿಕೊಂಡು, ಕಣ್ಣು ಮುಚ್ಚಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಎಳೆಯುವರು. ಸ್ಥಿರಬಿಂದುವಾದ ಹಾಲವ್ವ ತುದಿಯನ್ನು ಬಲಗೈಯಲ್ಲೇ ಹಿಡಿದು, ನೋವಿಗೆ ಹಲ್ಲು ಕಚ್ಚಿ ನಿಲ್ಲುವಳು.

"ಲೇ ಅಂದಾನಿ," ಎಂದು ಒಲೆಯ ಮುಂದಿನಿಂದ ಮುತ್ತವ್ವ ಕೂಗುವಳು, "ಹೆಂಡತಿ ಕೈ ನೆಟ್ಟಗ ಮಾಡಂದ್ರ ಹಗ್ಗಾ ಜಗ್ಗೂ ಆಟಾ ಹೂಡೀಯಲ್ಲೋ!"

"ಯವ್ವಾ, ಇದು ವಿಜ್ಞಾನ."

"ನಾ ಬಡದ ರೊಟ್ಟಿ ನಿನ್ನ ಗಂಟಲದಾಗ ಇಳಿಯೂದಿಲ್ಲ. ಇಕಿ ಕೈ ಏಳಾಕೂ ನೀ ಬಿಡವಲ್ಲಿ. ಏನ ತಿಂದ ಬದಕಾಂವ ನೀ?"

ಒಂದು ದಿನ ಹಾಲವ್ವನೇ ಕೇಳಿದಳು. ದನಿಯಲ್ಲಿ ಜಗಳವಿರಲಿಲ್ಲ. "ಡಾಕ್ಟರು ಹೇಳಿದ್ದ ನೆನಪೈತಿಲ್ರಿ? ಕೈ ಹಿಂಗ ಬಿಗದ ಹೋದ್ರ ನಾ ಏನ ಮಾಡ್ಲಿ?"

ಎಳೆಯದಿದ್ದರೆ ಕೈ ಹೋಗುತ್ತದೆ, ಎಳೆದರೆ ಕಣ್ಣು ಹೋಗಬಹುದು. ಮಾಸ್ತರರು ಎರಡೂ ಭಯಗಳನ್ನು ತಕ್ಕಡಿಗಿಟ್ಟು ತೂಗಿದರು. ಮುಳ್ಳು ನಡುವೆಯೇ ನಿಂತಿತು. ಯಾವ ಕಡೆಗೂ ವಾಲಲಾರದ ಮನುಷ್ಯ ಮಾಡುವುದನ್ನೇ ಅವರೂ ಮಾಡಿದರು: ಗವಸಿಗೆ ಇನ್ನೊಂದು ಪದರ ಹೊಲಿದರು.

ಯುಗಾದಿ ದಾಟಿ ಬಿಸಿಲು ಏರಿತು. ರಬ್ಬರಿಗೂ ಮುಪ್ಪು ಬಂದಿತ್ತು. ಒಂದು ಸಂಜೆ ಎಂದಿನಂತೆ ಎಳೆಯುತ್ತಿರುವಾಗ ಗವಸಿನೊಳಗೆ 'ಪಟ್' ಎಂದು ಸಣ್ಣ ಸದ್ದಾಯಿತು. ಸೀರೆಯ ಅಂಚು ಒಮ್ಮೆ ನಡುಗಿ ಸುಮ್ಮನಾಯಿತು. ಹುರಿ ಬಿಗಿಯಾಗಿ ನಿಂತಿತು. ರಬ್ಬರಿನ ಒಂದು ಚೂರೂ ಹೊರಗೆ ಇಣುಕಲಿಲ್ಲ. ನಿರಪಾಯ ರಬ್ಬರು ಸಂಪೂರ್ಣವಾಗಿ ಯಶಸ್ವಿಯಾಗಿತ್ತು.

ಆದರೆ ಅದನ್ನು ನೋಡಲು ಅದರ ಕರ್ತೃ ನಿಂತಲ್ಲಿ ಇರಲಿಲ್ಲ. ಆ ಒಂದು ಸದ್ದಿಗಾಗಿ ಇಷ್ಟು ದಿನ ಮೈಯೆಲ್ಲ ಕಿವಿಯಾಗಿದ್ದ ಮಾಸ್ತರರು ತುದಿಯನ್ನು ಬಿಟ್ಟು ಪಕ್ಕಕ್ಕೆ ಜಿಗಿದು, ಕೌದಿಯಲ್ಲಿ ಕಾಲು ಸಿಕ್ಕಿಸಿಕೊಂಡು, ಜೋಳದ ಡಬ್ಬಿಗೆ ಬಲಭುಜ ಅಪ್ಪಳಿಸಿ ನೆಲಕ್ಕುರುಳಿದ್ದರು.

"ಅಯ್ಯ ನನ್ನ ಶಿವನ!" ಎಂದು ಹಾಲವ್ವ ಎರಡೂ ಕೈ ಮೇಲೆತ್ತಿ ಚೀರಿದಳು.

ಹಿಟ್ಟಿನ ಕೈಯಲ್ಲೇ ಓಡಿಬಂದ ಮುತ್ತವ್ವ ಮಗನ ಕಡೆ ನೋಡಲೇ ಇಲ್ಲ. "ಏ ಹಾಲೀ, ಕೈ ಇಳಸಬ್ಯಾಡ! ಹಂಗ ಇರು, ನೋಡೂಣು!"

"ಅತ್ತಿ, ಅವರ ಬಿದ್ದಾರ್ರೀ..."

"ಬಿದ್ದಾಂವ ಎಲ್ಲಿ ಓಡಿ ಹೋಗ್ತಾನ? ನೀ ಕೈ ತೋರಸ."

ಹಾಲವ್ವ ಕತ್ತೆತ್ತಿ ನೋಡಿದಳು. ಅವಳ ಬಲಗೈ ತಲೆಗಿಂತ ಮೇಲಿತ್ತು.

ಮರುದಿನ ಜಮಖಂಡಿಯಲ್ಲಿ ಡಾಕ್ಟರು ಅವಳ ಕೈಯನ್ನು ಎತ್ತಿ, ಇಳಿಸಿ, ತಿರುಗಿಸಿ ನೋಡಿದರು. "ಛಲೋ ಎಳದೀರಿ ಅಕ್ಕಾರ!"

ಕೊರಳಿಗೆ ಕೈ ಕಟ್ಟಿಕೊಂಡು ಬೆಂಚಿನ ಮೇಲೆ ಕುಳಿತಿದ್ದ ಮಾಸ್ತರರಿಗೆ ಈ ಅಸತ್ಯವನ್ನು ಸಹಿಸಲಾಗಲಿಲ್ಲ. "ಆಕಿ ಎಳದಿಲ್ಲರಿ ಡಾಕ್ಟರ. ಎಳದಾಂವ ನಾ. ಆಕಿ ಬರೇ ಹಿಡದಾಳ."

"ಮಾಸ್ತರ, ನೀವು ಸಾಲ್ಯಾಗ ಏನ ಕಲಸ್ತೀರಿ?"

"ವಿಜ್ಞಾನರಿ."

"ಮತ್ತ ನೀವು ಎಳದಷ್ಟ ಜೋರಿಲೆ ಅವರೂ ಎಳೀದಿದ್ರ ರಬ್ಬರ ಹೆಂಗ ಹಿಗ್ಗತೈತ್ರಿ?"

ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇದ್ದೇ ಇರುತ್ತದೆ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದು, ಹುಡುಗರಿಂದ ಒಕ್ಕೊರಲಿನಲ್ಲಿ ಹೇಳಿಸಿದವರು ಇದೇ ಮಾಸ್ತರರು. ಹಾಲವ್ವ ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲನೆ ಹೇಳಿದಳು: "ನೀವು ಕಣ್ಣ ಮುಚ್ಚಿದಾಗೆಲ್ಲಾ ನಾನೂ ಒಂದೀಟ ಜಾಸ್ತಿ ಎಳೀತಿದ್ನಿರಿ."

ಡಾಕ್ಟರು ನಗುತ್ತಲೇ ಮಾಸ್ತರರ ಭುಜವನ್ನು ಒತ್ತಿ ನೋಡಿ, ಬಾವು ಇಳಿದ ಮೇಲೆ ಅದಕ್ಕೂ ಅದೇ ಔಷಧವೆಂದರು.

ಸುದ್ದಿ ಓಣಿಯಲ್ಲಿ ಹಬ್ಬಲು ತಡವಾಗಲಿಲ್ಲ. ದಿನವಿಡೀ ಮಗ್ಗಕ್ಕೆ ನೂಲು ಸುತ್ತಿ ಭುಜ ಸೋತ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಹೊಸ ಟ್ಯೂಬ್ ಹಾಕಿದ ನಿರಪಾಯ ರಬ್ಬರಿನ ಒಂದು ತುದಿ ಅವರಿಗೆ, ಇನ್ನೊಂದು ತುದಿ ಮಾಸ್ತರರಿಗೆ. ನಡುವೆ ಮಣೆಯ ಮೇಲೆ ಕುಳಿತು ಅಪ್ಪಣೆ ಕೊಡುವವಳು ಹಾಲವ್ವ.

ಮೊದಲ ದಿನ ಬಂದ ತಾಯವ್ವ ತುದಿ ಹಿಡಿದು ಹಿಂಜರಿದಳು. "ಹರದ್ರ ಹೆಂಗವ್ವಾ?"

"ಹರೀಲೇಳ. ಅಂಚಿನ ಒಳಗ ಉಳೀತೈತಿ. ನಿನಗೇನೂ ಆಗೂದಿಲ್ಲ."

"ಮಾಸ್ತರಿಗೆ?"

ಹಾಲವ್ವ ಗಂಡನ ಕಡೆ ತಿರುಗಿದಳು. ಮಾಸ್ತರರು ಕಣ್ಣು ಮುಚ್ಚಿ, ಮುಖವನ್ನು ಗೋಡೆಗೆ ತಿರುಗಿಸಿ, ಜಿಗಿಯಲು ಒಂದು ಕಾಲನ್ನು ಆಗಲೇ ಎತ್ತಿ ನಿಂತಿದ್ದರು.

"ಅವರಿಗೆ ಆಗತೈತಿ," ಎಂದಳು ಹಾಲವ್ವ. "ನೀ ಎಳಿ."